ವಿಆರ್ ಚಿತ್ರಕ್ಕೆ 4ಕೆ ಸ್ಕ್ಯಾನ್ ಆಯ್ತು, ಗ್ರಾಫಿಕ್ಸ್‌ಗೆ ಏನು ಮಾಡ್ತೀರಿ?

1992ರಿಂದ 95ರ ನಡುವೆ ಅಮೆರಿಕದಲ್ಲಿ ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ ಎಂಬ ಒಂದು ಜಾತಿಯ ಚಿತ್ರಗಳು ಸಾಲುಗಟ್ಟಿ ಬಂದವು. ತಲೆಗೆ ದಪ್ಪ ಹೆಲ್ಮೆಟ್, ಕೈಗೆ ತಂತಿ ಸುತ್ತಿದ ಗ್ಲೌಸ್, ಕಂಪ್ಯೂಟರ್ ಆಟದೊಳಕ್ಕೆ ಇಳಿದು ಹೊಡೆದಾಟ. ಬಹುಪಾಲು ಚಿತ್ರಗಳು ಥಿಯೇಟರ್ ಕಾಣದೆ ನೇರವಾಗಿ ವಿಡಿಯೊ ಕ್ಯಾಸೆಟ್ಟಿಗೆ ಹೋದವು. ಈಗ ಅವು ಒಂದೊಂದಾಗಿ ಬ್ಲೂರೇಗೆ ಬರುತ್ತಿವೆ, ಡಬ್ಬಿಯ ಮೇಲೆ ‘ಹೊಸ 4ಕೆ ಸ್ಕ್ಯಾನ್’ (ಫಿಲ್ಮನ್ನು ಅಡ್ಡಕ್ಕೆ ಸುಮಾರು 4,000 ಪಿಕ್ಸೆಲಿನಷ್ಟು ಸೂಕ್ಷ್ಮವಾಗಿ ಡಿಜಿಟಲ್ ಮಾಡಿದ್ದು) ಎಂಬ ಚೀಟಿ ಅಂಟಿಸಿಕೊಂಡು. ಚೀಟಿ ಸುಳ್ಳಲ್ಲ, ಆದರೆ ಅದರಲ್ಲಿರುವುದು ಅರ್ಧ ಮಾತ್ರ. ನಟರು ಮನೆಯಲ್ಲಿ, ಬೀದಿಯಲ್ಲಿ ಓಡಾಡುವ ದೃಶ್ಯಗಳು 35 ಎಂಎಂ ಫಿಲ್ಮಿನಲ್ಲಿವೆ. ಜನ ದುಡ್ಡು ಕೊಟ್ಟು ನೋಡಿದ ಆ ಕಂಪ್ಯೂಟರ್ ಲೋಕ ಮಾತ್ರ ಎಷ್ಟೋ ಸಲ ಬರೀ 486 ಅಡ್ಡಗೆರೆಗಳಿಂದ ಕಟ್ಟಿದ ವಿಡಿಯೊ ಟೇಪಿನಲ್ಲಿದೆ. ಇಂಥ ಚಿತ್ರದ ರಿಸ್ಟೋರೇಶನ್ ಅಂದರೆ ಒಂದೇ ಚಿತ್ರದೊಳಗಿರುವ ಈ ಎರಡು ಬೇರೆ ವಸ್ತುಗಳನ್ನು ಒಂದೇ ಪರದೆಯ ಮೇಲೆ ಜಗಳವಾಡದಂತೆ ಕೂರಿಸುವ ಕೆಲಸ.

ಉದಾಹರಣೆಗೆ ಆಲ್ಬರ್ಟ್ ಪ್ಯುನ್ ನಿರ್ದೇಶನದ ‘ಆರ್ಕೇಡ್’ ತಗೊಳ್ಳಿ. ಚಾರ್ಲ್ಸ್ ಬ್ಯಾಂಡ್ ಅವರ ಫುಲ್ ಮೂನ್ ಕಂಪನಿ ಮಾಡಿ, 1993ರಲ್ಲಿ ಪ್ಯಾರಾಮೌಂಟ್ ಮೂಲಕ ವಿಡಿಯೊಗೆ ಬಿಟ್ಟ ಚಿತ್ರ. ಬರೆದವರು ಡೇವಿಡ್ ಗೋಯರ್, ಮುಂದೆ ‘ಬ್ಲೇಡ್’ ಬರೆದವರು. ಹೊಸ ವಿಆರ್ ಆಟವೊಂದು ಹುಡುಗರನ್ನು ನುಂಗುತ್ತದೆ, ಮೇಗನ್ ವಾರ್ಡ್ ಪಾತ್ರದ ಹುಡುಗಿ ಒಳಗೆ ಹೋಗಿ ಒಂದೊಂದೇ ಹಂತ ದಾಟುತ್ತಾಳೆ. ಕತೆ ಇಷ್ಟೇ. ನಮ್ಮ ವಿಷಯಕ್ಕೆ ಬೇಕಾದ್ದು ಬೇರೆ: ಈ ಚಿತ್ರಕ್ಕೆ ಮೊದಲು ಮಾಡಿದ ಗ್ರಾಫಿಕ್ಸ್ ತೆಗೆದುಹಾಕಿ ಮತ್ತೊಮ್ಮೆ ಮಾಡಬೇಕಾಯಿತು. ಹಾರುವ ಬೈಕುಗಳು 1982ರ ‘ಟ್ರಾನ್’ ಚಿತ್ರದ ಲೈಟ್ ಸೈಕಲ್‌ಗಳನ್ನು ಹೋಲುತ್ತವೆ ಎಂಬ ಡಿಸ್ನಿಯ ತಕರಾರೂ ಅದಕ್ಕೊಂದು ಕಾರಣ. ಹೀಗಾಗಿ ಒಂದೇ ಚಿತ್ರಕ್ಕೆ ಎರಡು ತಲೆಮಾರಿನ ಗ್ರಾಫಿಕ್ಸ್ ಆಯಿತು.

ಹೋಲಿಕೆಗೆ 1992ರ ‘ದಿ ಲಾನ್‌ಮೋವರ್ ಮ್ಯಾನ್’ ಇಟ್ಟುಕೊಳ್ಳಿ. ಅದೂ ದೊಡ್ಡ ಬಜೆಟ್ಟಿನದೇನಲ್ಲ, ಆದರೆ ಥಿಯೇಟರಿಗಾಗಿ ಮಾಡಿದ್ದರಿಂದ ಏಂಜೆಲ್ ಸ್ಟುಡಿಯೋಸ್ ಮತ್ತಿತರರು ಮಾಡಿದ ಗ್ರಾಫಿಕ್ಸ್ ಕೊನೆಗೆ ಫಿಲ್ಮಿಗೆ ಇಳಿಯಲೇಬೇಕಿತ್ತು. ಫಿಲ್ಮಿಗೆ ಇಳಿದದ್ದು ಸ್ಕ್ಯಾನರಿಗೆ ಸಿಗುತ್ತದೆ. ಟೇಪಿನಲ್ಲೇ ಉಳಿದದ್ದಕ್ಕೆ ಸ್ಕ್ಯಾನರಿನಿಂದ ಏನೂ ಉಪಯೋಗವಿಲ್ಲ.

ಮೊದಲು ಡಬ್ಬಿ ತೆಗೆದು ನೋಡಿ

ಕೆಲಸ ಶುರುವಾಗುವುದು ಸಾಮಾನು ಪಟ್ಟಿಯಿಂದ. ಕತ್ತರಿಸಿ ಜೋಡಿಸಿದ ಮೂಲ ನೆಗೆಟಿವ್ ಇದ್ದರೆ ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ಅದರಿಂದ ತೆಗೆದ ಪಾಸಿಟಿವ್ ಪ್ರತಿಯಾದ ಇಂಟರ್‌ಪಾಸಿಟಿವ್, ಆಮೇಲೆ ಅದರಿಂದ ತೆಗೆದ ಡ್ಯೂಪ್ ನೆಗೆಟಿವ್, ಕೊನೆಗೆ ಥಿಯೇಟರಿನಲ್ಲಿ ಓಡಿಸುವ ಪ್ರಿಂಟ್. ಪ್ರಿಂಟಿನ ಕಾಂಟ್ರಾಸ್ಟ್ ಮೊದಲೇ ಏರಿರುತ್ತದೆ, ಕತ್ತಲೆಯ ಭಾಗದಲ್ಲಿ ಏನೂ ಉಳಿದಿರುವುದಿಲ್ಲ. ಟೇಪ್ ಕಡೆ ಬಂದರೆ ಡಿ-1 ಸಿಕ್ಕಿತೆಂದರೆ ಹಬ್ಬ, ಅದು ಕಾಂಪೊನೆಂಟ್ ಡಿಜಿಟಲ್, ಬಣ್ಣ ಮತ್ತು ಬೆಳಕು ಬೇರೆಬೇರೆಯಾಗಿರುವ ಟೇಪ್. ಡಿ-2 ಡಿಜಿಟಲ್ ಆದರೂ ಕಾಂಪೋಸಿಟ್. ಅಂದರೆ ಬಣ್ಣ ಮತ್ತು ಬೆಳಕನ್ನು ಒಟ್ಟಿಗೆ ಕಲಸಿಟ್ಟ ಸಿಗ್ನಲ್, ಅದನ್ನು ಮತ್ತೆ ಬಿಡಿಸಬೇಕು. ಬೀಟಾಕ್ಯಾಮ್ ಎಸ್‌ಪಿ ಕಾಂಪೊನೆಂಟ್, ಆದರೆ ಅನಲಾಗ್. ಒಂದಿಂಚಿನ ಟೇಪ್ ಕಾಂಪೋಸಿಟ್ ಅನಲಾಗ್.

ನೇರ ವಿಡಿಯೊಗೆ ಹೋದ ಚಿತ್ರಗಳಲ್ಲಿ ಕತ್ತರಿಸಿದ ನೆಗೆಟಿವ್ ಇಲ್ಲದೇ ಇರಬಹುದು. ಚಿತ್ರೀಕರಣದ ರೋಲುಗಳನ್ನು ಹಾಗೇ ಟೇಪಿಗೆ ಇಳಿಸಿ, ಎಡಿಟಿಂಗ್ ಎಲ್ಲ ಟೇಪಿನಲ್ಲೇ ಮುಗಿಸಿದರೆ ನೆಗೆಟಿವ್‌ಗೆ ಕತ್ತರಿ ಬೀಳುವ ಪ್ರಮೇಯವೇ ಬರುವುದಿಲ್ಲ. 90 ನಿಮಿಷದ ಚಿತ್ರ 35 ಎಂಎಂನಲ್ಲಿ 8,100 ಅಡಿ. ಒಂದಕ್ಕೆ ಹತ್ತರಂತೆ ಚಿತ್ರೀಕರಿಸಿದ್ದರೆ 81,000 ಅಡಿ ರೋಲು ರಾಶಿ ಬಿದ್ದಿರುತ್ತದೆ, ಅದರಲ್ಲಿ ಬೇಕಾದ ನೂರಾರು ತುಂಡುಗಳನ್ನು ಹೆಕ್ಕಬೇಕು. 1990ರಿಂದ ಕೊಡಕ್ ನೆಗೆಟಿವ್ ಅಂಚಿನಲ್ಲಿ ಬಾರ್‌ಕೋಡ್ ರೂಪದ ಅಡಿ-ಸಂಖ್ಯೆ ಬರತೊಡಗಿತು. ಎಡಿಟ್ ಪಟ್ಟಿಯ ಫ್ಲಾಪಿ ಮತ್ತು ಟೆಲಿಸಿನಿಯ (ಫಿಲ್ಮನ್ನು ಟೇಪಿಗೆ ಇಳಿಸುವ ಯಂತ್ರದ) ದಾಖಲೆ ಎರಡೂ ಸಿಕ್ಕರೆ ಟೈಮ್‌ಕೋಡಿನಿಂದ (ಟೇಪಿನ ಪ್ರತಿ ಫ್ರೇಮಿನ ಗುರುತು-ಸಂಖ್ಯೆಯಿಂದ) ಅಡಿ-ಸಂಖ್ಯೆಗೆ ಹೋಗಬಹುದು. ಸಿಗದಿದ್ದರೆ ಹಳೆಯ ಟೇಪನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲಿ ಶಾಟ್ ಹೊಂದಿಸಬೇಕು. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಧಾರಾವಾಹಿಯನ್ನು 2012ರಿಂದ ಬ್ಲೂರೇಗೆ ತಂದದ್ದು ಹೀಗೆ: ಮೂಲ ನೆಗೆಟಿವ್ ಹುಡುಕಿ ಮತ್ತೆ ಎಡಿಟ್ ಮಾಡಿ, ಎಫೆಕ್ಟ್ ಪದರಗಳನ್ನೂ ಮತ್ತೆ ಜೋಡಿಸಿದರು. ಅಲ್ಲಿನ ಹಡಗುಗಳಲ್ಲಿ ಹೆಚ್ಚಿನವು ಮಾದರಿ ಕಟ್ಟಿ ಫಿಲ್ಮಿನಲ್ಲೇ ಸೆರೆಹಿಡಿದವಾದ್ದರಿಂದ ಅದು ಸಾಧ್ಯವಾಯಿತು. ‘ಬ್ಯಾಬಿಲಾನ್ 5’ರ ಹಡಗುಗಳು ಕಂಪ್ಯೂಟರಿನವು, ಟಿವಿ ಅಳತೆಗೆ ರೆಂಡರ್ ಆದವು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದವು. ಅದರ ಎಚ್‌ಡಿ ಆವೃತ್ತಿಯಲ್ಲಿ ಫಿಲ್ಮಿನ ಶಾಟ್ ಹೊಳೆಯುತ್ತದೆ, ಮರುಕ್ಷಣ ಹಡಗು ಬಂದರೆ ಚಿತ್ರ ಮಬ್ಬು. ನಮ್ಮ ವಿಆರ್ ಚಿತ್ರಗಳ ಜಾತಕವೂ ಈ ಎರಡನೆಯದೇ.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಈಗ ಪಳಗಿದ ಕೆಲಸ. ಡಬ್ಬಿ ತೆಗೆದಾಗ ವಿನಿಗರ್ ವಾಸನೆ ಹೊಡೆದರೆ ಫಿಲ್ಮಿನ ಅಸಿಟೇಟ್ ಪಟ್ಟಿ ಕೊಳೆಯುತ್ತಿದೆ ಅಂತ ಅರ್ಥ. ಅದನ್ನು ಬೇರೆ ಡಬ್ಬಿಗಳಿಂದ ದೂರವಿಟ್ಟು ಮೊದಲು ಸ್ಕ್ಯಾನ್ ಮಾಡಿ. ಫಿಲ್ಮ್ ಶೇ. 1ರಷ್ಟು ಕುಗ್ಗಿದ್ದರೂ ಹಲ್ಲಿನ ಚಕ್ರವಿರುವ ಹಳೆಯ ಯಂತ್ರ ಅದರ ತೂತು ಹರಿಯುತ್ತದೆ, ರೋಲರ್ ಮೇಲೆ ಓಡಿಸುವ ಸ್ಕ್ಯಾನರ್ ಬೇಕು. ಬೆನ್ನಿನ ಕಡೆಯ ಗೀರುಗಳಿಗೆ ವೆಟ್ ಗೇಟ್ ರಾಮಬಾಣ: ಅಸಿಟೇಟಿನಷ್ಟೇ ಬೆಳಕು ಬಾಗಿಸುವ ದ್ರವ ಗೀರಿನೊಳಗೆ ತುಂಬಿಕೊಂಡಾಗ ಗೀರು ಕಾಣುವುದಿಲ್ಲ. ಚಿತ್ರ ಮೂಡುವ ಎಮಲ್ಷನ್ ಪದರದ ಕಡೆ ಬಣ್ಣವೇ ಕಿತ್ತುಹೋಗಿದ್ದರೆ ಯಾವ ದ್ರವವೂ ಅದನ್ನು ತುಂಬದು. ಜಾಗದ ಲೆಕ್ಕ: 4096×3112 ಅಳತೆಯ 10 ಬಿಟ್ ಡಿಪಿಎಕ್ಸ್ (ಸ್ಕ್ಯಾನ್ ಇಡುವ ಫೈಲ್ ಬಗೆ) ಫ್ರೇಮ್ ಒಂದಕ್ಕೆ ಸುಮಾರು 51 ಎಂಬಿ. 90 ನಿಮಿಷಕ್ಕೆ 1,29,600 ಫ್ರೇಮ್. ಒಟ್ಟು 6.6 ಟಿಬಿ, ಅದೂ ಒಂದೇ ಪ್ರತಿಗೆ.

ಗುಂಡಿನ ಬೆಂಕಿಯನ್ನು ದೂಳೆಂದು ಒರೆಸುವ ಯಂತ್ರ

ದೂಳು ತೆಗೆಯುವ ಸಾಫ್ಟ್‌ವೇರ್ ಯಾವುದೇ ಇರಲಿ, ಒಳಗಿನ ತರ್ಕ ಹೆಚ್ಚುಕಡಿಮೆ ಒಂದೇ. ಹಿಂದಿನ ಫ್ರೇಮಿನಲ್ಲಿ ಇಲ್ಲದ, ಮುಂದಿನ ಫ್ರೇಮಿನಲ್ಲೂ ಇಲ್ಲದ ಚುಕ್ಕೆ ಈ ಫ್ರೇಮಿನಲ್ಲಿ ಮಾತ್ರ ಇದ್ದರೆ ಅದು ಕಸ. ಸಂಸಾರದ ಚಿತ್ರಕ್ಕೆ ಇದು ಸರಿಹೋಗುತ್ತದೆ. ಹೊಡೆದಾಟದ ಚಿತ್ರದಲ್ಲಿ ಪಿಸ್ತೂಲಿನ ಬಾಯಿಯ ಬೆಂಕಿ ಬಹಳ ಸಲ ಒಂದೇ ಫ್ರೇಮ್. ಒಡೆದ ಗಾಜಿನ ಚೂರಿನ ಮಿಂಚು, ವೆಲ್ಡಿಂಗ್‌ನಂಥ ಕಿಡಿ, ಕತ್ತಿಯ ಅಲಗಿನ ಹೊಳಪು ಎಲ್ಲವೂ ಒಂದೆರಡು ಫ್ರೇಮಿನ ಬಾಳು. ಯಂತ್ರಕ್ಕೆ ಇವೆಲ್ಲ ಕಸವೇ. ಆಟೊಮ್ಯಾಟಿಕ್ ಓಡಿಸಿ ನೋಡಿದರೆ ಗುಂಡಿನ ಸದ್ದು ಕೇಳುತ್ತದೆ, ಬೆಂಕಿ ಕಾಣುವುದಿಲ್ಲ. ಅಥವಾ ಅರ್ಧ ಬೆಂಕಿ ಉಳಿದು ಅದರ ಅಂಚು ಹಿಂದಿನ ಫ್ರೇಮಿನ ಗೋಡೆಯ ಬಣ್ಣದಿಂದ ತೇಪೆ ಹಾಕಿಸಿಕೊಂಡಿರುತ್ತದೆ. ಹಾಗಾಗಿ ಮೊದಲೇ ಚಿತ್ರ ಪೂರ್ತಿ ನೋಡಿ ಗುಂಡು, ಗಾಜು, ಕಿಡಿ, ಮಿಣುಕು ದೀಪ ಇರುವ ಶಾಟುಗಳನ್ನು ಪಟ್ಟಿ ಮಾಡಿ ಆಟೊಮ್ಯಾಟಿಕ್‌ನಿಂದ ಹೊರಗಿಡಬೇಕು. ಅವನ್ನು ಕೈಯಲ್ಲೇ ಮಾಡಬೇಕು. ಡಿಸ್ಕ್ ಹೊರಬರುವ ಮುಂಚಿನ ಪರೀಕ್ಷೆಗೂ ಇದೇ ಪಟ್ಟಿ ಬೇಕಾಗುತ್ತದೆ.

ನೆಗೆಟಿವ್ ಕತ್ತರಿಸಿ ಅಂಟಿಸಿದ ಜಾಗದಲ್ಲಿ ಚಿತ್ರ ಒಂದು ಫ್ರೇಮ್ ಹಾರುತ್ತದೆ. ಅದಕ್ಕೆ ಇಡೀ ಶಾಟನ್ನು ಸ್ಟೆಬಿಲೈಸ್ ಮಾಡಬೇಡಿ, ಕ್ಯಾಮೆರಾಮನ್ ಕೈಯ ನಡುಕವೂ ಹೋಗಿ ಶಾಟ್ ಸತ್ತಂತೆ ಕಾಣುತ್ತದೆ. ಅಂಟಿನ ಆಚೀಚೆಯ ಒಂದೆರಡು ಫ್ರೇಮಿಗೆ ಮಾತ್ರ ಸಾಕು. ಇನ್ನು ಇಡೀ 4:3 ಚೌಕಟ್ಟು ತೋರಿಸುವುದಾದರೆ ಅಂಟಿನ ಗೆರೆ ಮೇಲೋ ಕೆಳಗೋ ಇಣುಕುತ್ತದೆ. ಥಿಯೇಟರಿನ ಅಗಲ ಚೌಕಟ್ಟಾದ 1.85ರಲ್ಲಿ ಅದು ಮುಚ್ಚಿಹೋಗುತ್ತಿತ್ತು.

ಫೀಲ್ಡುಗಳ ಗೋಜಲು

ಈಗ ಗ್ರಾಫಿಕ್ಸ್. ಅಮೆರಿಕದ ವಿಡಿಯೊ ಸೆಕೆಂಡಿಗೆ 59.94 ಫೀಲ್ಡ್ (ಮಾತಿನಲ್ಲಿ 60), ಒಂದು ಫೀಲ್ಡಿನಲ್ಲಿ ಫ್ರೇಮಿನ ಗೆರೆಗಳಲ್ಲಿ ಅರ್ಧದಷ್ಟು, ಒಂದು ಬಿಟ್ಟು ಒಂದು. ಫಿಲ್ಮ್ 24 ಫ್ರೇಮ್. ಟೇಪಿಗೆ ಇಳಿಸುವಾಗ ಎ, ಬಿ, ಸಿ, ಡಿ ಎಂಬ ನಾಲ್ಕು ಫಿಲ್ಮ್ ಫ್ರೇಮುಗಳನ್ನು ಎರಡು, ಮೂರು, ಎರಡು, ಮೂರು ಫೀಲ್ಡುಗಳಾಗಿ ಹಂಚಿ ಐದು ವಿಡಿಯೊ ಫ್ರೇಮ್ ಮಾಡುತ್ತಾರೆ: ಎಎ, ಬಿಬಿ, ಬಿಸಿ, ಸಿಡಿ, ಡಿಡಿ. ಮೂರನೆಯದು, ನಾಲ್ಕನೆಯದು ಬೆರಕೆ. ಹಾಗಾಗಿ ಟೇಪನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿದರೆ ರೋಗ ತಾನೇ ಹೇಳಿಕೊಳ್ಳುತ್ತದೆ. ಮೂರು ಫ್ರೇಮ್ ಚೊಕ್ಕ, ಎರಡರಲ್ಲಿ ಚಲಿಸುವ ವಸ್ತುವಿನ ಅಂಚಿಗೆ ಬಾಚಣಿಗೆ ಹಲ್ಲು: ಫಿಲ್ಮಿನಿಂದ ಬಂದದ್ದು. ಚಲನೆ ಇರುವ ಎಲ್ಲ ಫ್ರೇಮಿನಲ್ಲೂ ಹಲ್ಲು: 60 ಫೀಲ್ಡಿಗೇ ರೆಂಡರ್ ಆದ ಗ್ರಾಫಿಕ್ಸ್. ಎಲ್ಲವೂ ಚೊಕ್ಕ, ಆದರೂ ವಿಡಿಯೊ: 30 ಫ್ರೇಮಿನ ರೆಂಡರ್. ಅಗ್ಗದ ಚಿತ್ರದಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ.

ಮೊದಲನೆಯದಕ್ಕೆ ವಿಡಿಯೊ ಸ್ಕ್ರಿಪ್ಟ್ ಸಾಫ್ಟ್‌ವೇರುಗಳಾದ ಏವಿಸಿಂತ್ ಅಥವಾ ವೇಪರ್‌ಸಿಂತ್‌ನಲ್ಲಿ ಟಿಎಫ್‌ಎಂ ಫಿಲ್ಟರ್ ಹಾಕಿ ಫೀಲ್ಡ್ ಜೋಡಿಸಿ, ಟಿಡೆಸಿಮೇಟ್‌ನಿಂದ ಐದರಲ್ಲಿ ಒಂದು ಫ್ರೇಮ್ ತೆಗೆದರೆ ಸೆಕೆಂಡಿಗೆ 23.976 ಫ್ರೇಮಿಗೆ, ಅಂದರೆ ವಿಡಿಯೊ ಲೆಕ್ಕದ 24ಕ್ಕೆ ಮರಳುತ್ತದೆ. ಇಲ್ಲಿ ಎರಡು ಕಡೆ ಮುಗ್ಗರಿಸುತ್ತಾರೆ. ಟೇಪಿನಲ್ಲೇ ಎಡಿಟ್ ಮಾಡಿದ್ದರಿಂದ ಪ್ರತಿ ಕಟ್ಟಿನಲ್ಲಿ ಎರಡು-ಮೂರರ ತಾಳ ತಪ್ಪುತ್ತದೆ, ಕಟ್ಟಿನ ಅಂಚಿನಲ್ಲಿ ಒಂದೇ ಫೀಲ್ಡ್ ಉಳಿದ ಅನಾಥ ಫ್ರೇಮ್ ಇರುತ್ತದೆ. ಅದರ ಇನ್ನರ್ಧ ಗೆರೆ ಎಲ್ಲೂ ಇಲ್ಲ, ಆ ಒಂದು ಫ್ರೇಮಿಗೆ ಮಾತ್ರ ಮಧ್ಯದ ಗೆರೆ ತುಂಬಿಸಿಕೊಳ್ಳಬೇಕು. ಎರಡನೆಯದು, ‘ಹಂತ 2’ ಅಂತ ಬರೆದ ಫಲಕ ಅಲುಗಾಡದೆ ನಿಂತಿರುವಂಥ ಶಾಟ್. ಎಲ್ಲ ಫ್ರೇಮೂ ಒಂದೇ ಥರ ಇರುವಾಗ ನಕಲು ಯಾವುದು ಅಂತ ಸಾಫ್ಟ್‌ವೇರಿಗೆ ತಿಳಿಯದೆ ಸಿಕ್ಕಿದ್ದನ್ನು ತೆಗೆದುಹಾಕುತ್ತದೆ. ಫಲಕದ ಹಿಂದೆಯೇ ಚಲನೆ ಶುರುವಾದರೆ ಅಲ್ಲೊಂದು ಎಡವು. ಇಂಥ ಜಾಗಕ್ಕೆ ಶಾಟಿನಿಂದ ಶಾಟಿಗೆ ಕೈಯಾರೆ ಬರೆದ ಪಟ್ಟಿ ಕೊಡುವುದೇ ವಾಸಿ.

ನಿಜವಾದ ತಲೆನೋವು ಬೆರಕೆ ಶಾಟು. ನೀಲಿ ಪರದೆಯ ಮುಂದೆ ಹುಡುಗಿ ಓಡುತ್ತಾಳೆ, 24 ಫ್ರೇಮ್ ಫಿಲ್ಮ್, ಟೇಪಿಗೆ ಇಳಿದಾಗ ಎರಡು-ಮೂರು ತಾಳ. ಹಿಂದೆ ಕಂಪ್ಯೂಟರ್ ಸುರಂಗ, 60 ಫೀಲ್ಡಿನದು. ಎರಡನ್ನೂ ಟೇಪಿನಲ್ಲೇ ಕಲಸಿದ್ದಾರೆ. ಊರಿಗೊಂದು ದಾರಿ, ಪೋರನಿಗೊಂದು ದಾರಿ. ಇದಕ್ಕೆ ಫೀಲ್ಡುಗಳನ್ನು ಬಿಡಿಸಿ ಪೂರ್ಣ ಫ್ರೇಮ್ ಮಾಡುವ ಕ್ಯೂಟಿಜಿಎಂಸಿ ಸ್ಕ್ರಿಪ್ಟಿನಿಂದ 59.94 ಪೂರ್ಣ ಫ್ರೇಮ್ ಮಾಡಿಕೊಳ್ಳಿ. ಬ್ಲೂರೇಯಲ್ಲಿ 1080 ಗೆರೆಯ, ಪೂರ್ಣ ಫ್ರೇಮಿನ ಪ್ರೊಗ್ರೆಸಿವ್‌ಗೆ 59.94 ಇಲ್ಲ, ಚಿತ್ರದ ಉಳಿದ ಭಾಗ 23.976ರಲ್ಲಿದೆ, ಆದ್ದರಿಂದ ಇಳಿಸಲೇಬೇಕು. 59.94ನ್ನು 23.976ರಿಂದ ಭಾಗಿಸಿದರೆ ಎರಡೂವರೆ. ಅಂದರೆ ಒಮ್ಮೆ ಎರಡು, ಒಮ್ಮೆ ಮೂರು ಫ್ರೇಮ್ ದಾಟಿ ಹೆಕ್ಕಬೇಕು. ನಟಿ ಬಂದಿರುವುದೂ ಅದೇ ಎರಡು-ಮೂರರ ಹಂಚಿಕೆಯಲ್ಲಿ! ಹೆಕ್ಕುವ ತಾಳವನ್ನು ಅವಳ ತಾಳಕ್ಕೆ ಹೊಂದಿಸಿದರೆ ಅವಳ ಓಟ ಕೂದಲೆಳೆಯಷ್ಟೂ ಕೆಡದೆ 24 ಫ್ರೇಮಾಗಿ ಸಿಗುತ್ತದೆ, ಹಿಂದಿನ ಸುರಂಗ ಮಾತ್ರ ಸ್ವಲ್ಪ ಕುಂಟುತ್ತದೆ. ಕಣ್ಣು ಮನುಷ್ಯರನ್ನು ಹಿಂಬಾಲಿಸುತ್ತದೆಯೇ ಹೊರತು ಸುರಂಗವನ್ನಲ್ಲ, ಈ ಕುಂಟು ಸಹಿಸಬಹುದು. ಮನುಷ್ಯರೇ ಇಲ್ಲದ, ಬೈಕೋ ವಿಮಾನವೋ ಹಾರುವ ಶಾಟಿಗೆ ಈ ಉಪಾಯ ಬೇಡ. ಅಲ್ಲಿ ಚಲನೆ ಲೆಕ್ಕ ಹಾಕಿ ನಡುವಿನ ಫ್ರೇಮ್ ಹುಟ್ಟಿಸುವ ಎಂವಿಟೂಲ್ಸ್ ಬಳಸಿ, ಒಂದು ವಸ್ತು ಇನ್ನೊಂದರ ಹಿಂದೆ ಮರೆಯಾಗುವ ಕಡೆ ಅಂಚು ಕಲಸಿದೆಯಾ ಅಂತ ಫ್ರೇಮ್ ಫ್ರೇಮೂ ನೋಡಿ.

ಇನ್ನೊಂದು ಸಣ್ಣ ವಿಷಯ, ಆದರೆ ವಿಆರ್ ಚಿತ್ರಗಳಲ್ಲಿ ಎಲ್ಲೆಲ್ಲೂ ಇರುವಂಥದು: ನೆಲದ ಮೇಲಿನ ನಿಯಾನ್ ಚೌಕುಳಿ. ಆ ಕಾಲಕ್ಕೆ ವರ್ಚುವಲ್ ಲೋಕ ಅಂದರೆ ಕಪ್ಪು ನೆಲ, ಅದರ ಮೇಲೆ ದಿಗಂತದವರೆಗೆ ಹಸಿರೋ ನೀಲಿಯೋ ಗೆರೆ. ಹತ್ತಿರದ ಗೆರೆ ದಪ್ಪ, ತೊಂದರೆಯಿಲ್ಲ. ದೂರ ಹೋದಂತೆ ಅಡ್ಡಗೆರೆ ವಿಡಿಯೊದ ಒಂದೇ ಗೆರೆಯಷ್ಟು ತೆಳುವಾಗಿ, ಎರಡು ಫೀಲ್ಡುಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತದೆ. ಹಳೆಯ ಟ್ಯೂಬ್ ಟಿವಿಯಲ್ಲೇ ಅದು ಪಟಪಟ ಮಿಟುಕುತ್ತಿತ್ತು. ಫೀಲ್ಡುಗಳನ್ನು ಬಿಡಿಸಿ ಪೂರ್ಣ ಫ್ರೇಮ್ ಮಾಡಿದಾಗ ಒಂದು ಫ್ರೇಮಿನಲ್ಲಿ ಗೆರೆ ಇದೆ, ಮುಂದಿನದರಲ್ಲಿ ಇಲ್ಲ. ಕ್ಯೂಟಿಜಿಎಂಸಿ ಅಕ್ಕಪಕ್ಕದ ಫ್ರೇಮುಗಳನ್ನು ನೋಡಿ ಈ ಮಿಟುಕನ್ನು ಶಮನ ಮಾಡುತ್ತದೆ, ಅದಕ್ಕೇ ಸರಳ ಡಿಇಂಟರ್‌ಲೇಸರ್‌ಗಿಂತ ಅದು ಮೇಲು. ಆದರೆ ಹಿಡಿತ ಬಿಗಿ ಮಾಡಿದಷ್ಟೂ ಆಕಾಶದ ಒಂದೇ ಪಿಕ್ಸೆಲಿನ ನಕ್ಷತ್ರಗಳನ್ನೂ ತಿಂದುಹಾಕುತ್ತದೆ. ನೆಲ ಉಳಿಸಲು ಹೋಗಿ ಆಕಾಶ ಕಳೆದುಕೊಳ್ಳುವ ಪರಿಸ್ಥಿತಿ. ಚೌಕಟ್ಟನ್ನು ದಿಗಂತದಲ್ಲಿ ಎರಡಾಗಿ ಮಾಸ್ಕ್ ಮಾಡಿ, ಕೆಳಗೆ ಒಂದು, ಮೇಲೆ ಒಂದು ಸೆಟ್ಟಿಂಗ್ ಕೊಟ್ಟರೆ ಬಗೆಹರಿಯುತ್ತದೆ.

486 ಗೆರೆಯನ್ನು ಡಿವಿಡಿ ಅಳತೆಯ 480 ಮಾಡುವಾಗ ಮೇಲಿನಿಂದ 4, ಕೆಳಗಿನಿಂದ 2 ಗೆರೆ ತೆಗೆಯಿರಿ. ಮೇಲಿನಿಂದ ಮೂರು ತೆಗೆದರೆ ಫೀಲ್ಡಿನ ಸರದಿ ತಿರುಗಿಬಿದ್ದು ಚಲನೆ ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಆಗುತ್ತದೆ. ಎಚ್‌ಡಿಗೆ ಹಿಗ್ಗಿಸುವುದಾದರೆ 480ಕ್ಕೆ ಇಳಿಸುವ ಅಗತ್ಯವೇ ಇಲ್ಲ, 486 ಪೂರ್ತಿ ಬಳಸಿ.

ಹಿಗ್ಗಿಸುವುದು, ಬಣ್ಣ, ಚೌಕಟ್ಟು

486ನ್ನು 1080ಕ್ಕೆ ಹಿಗ್ಗಿಸುವುದು 2.22 ಪಟ್ಟು. ಮೊದಲು ಹಿಗ್ಗಿಸುವ ಫಿಲ್ಟರ್ ಎನ್ಎನ್ಇಡಿಐ3ಯಿಂದ ಸರಿಯಾಗಿ ಎರಡು ಪಟ್ಟು, ಅಂದರೆ 972 ಮಾಡಿ, ಉಳಿದದ್ದನ್ನು ಸಾಮಾನ್ಯ ರೀಸೈಜರಿಗೆ ಬಿಡಿ. ಅಗಲದಲ್ಲಿ 720 ಪಿಕ್ಸೆಲನ್ನು ಹಾಗೇ 1440ಕ್ಕೆ ತುರುಕಬಾರದು. ಪಿಕ್ಸೆಲ್ ಚೌಕವಲ್ಲ, ಅಗಲ-ಎತ್ತರ 10:11. ಲೆಕ್ಕಕ್ಕೆ 1454 ಬರುತ್ತದೆ, ಎರಡು ಬದಿ 7-7 ಕತ್ತರಿಸಿ 1440 ಮಾಡಿ. ಶೇ. 1ರ ತಪ್ಪು ಬರಿಗಣ್ಣಿಗೆ ಕಾಣದು ನಿಜ. ಆದರೆ ಸ್ಕ್ಯಾನ್ ಮಾಡಿದ ನಟನ ಮೇಲೆ ಟೇಪಿನ ಮಿಂಚನ್ನು ಕೂರಿಸಲು ಹೋದಾಗ ಬೆರಳ ತುದಿಗೆ ಬರಬೇಕಾದ ಮಿಂಚು ಪಕ್ಕಕ್ಕೆ ಸರಿದಿರುತ್ತದೆ.

ಎಐ ಅಪ್‌ಸ್ಕೇಲರ್ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಈ ಗ್ರಾಫಿಕ್ಸ್‌ನಲ್ಲಿ ಅಂಚು ಮೆಟ್ಟಿಲುಮೆಟ್ಟಿಲಾಗಿರುವುದು ಟೇಪಿನ ಕೊಳೆಯಲ್ಲ, ರೆಂಡರ್ ಆದದ್ದೇ ಹಾಗೆ. ಎಐ ಅದನ್ನು ನಿಜವಾದ ವಸ್ತುವಿನ ಹಾಳಾದ ಫೋಟೊ ಅಂತ ಭಾವಿಸಿ ‘ಸರಿ’ ಮಾಡುತ್ತದೆ. ಮೆಟ್ಟಿಲು ಅಲೆಯಂತಾಗುತ್ತದೆ, ತ್ರಿಕೋನಗಳಿಂದ ಕಟ್ಟಿದ ರಾಕ್ಷಸನ ಮುಖಕ್ಕೆ ಚರ್ಮದ ರಂಧ್ರ ಮೂಡುತ್ತದೆ, ಪರದೆಯ ಮೂಲೆಯ ಸ್ಕೋರ್ ಯಾವ ಲಿಪಿಯೂ ಅಲ್ಲದ ಗೀಚಾಗುತ್ತದೆ. ಹೊಸದಾಗಿ ರೆಂಡರ್ ಮಾಡೋಣ ಅನ್ನುವವರೂ ಇದ್ದಾರೆ. ಆ ಕಾಲದ ಗ್ರಾಫಿಕ್ಸ್ ಸಾಫ್ಟ್‌ವೇರ್ ಲೈಟ್‌ವೇವ್‌ನ ದೃಶ್ಯದ ಫೈಲು ಬರೀ ಟೆಕ್ಸ್ಟ್, ಮೂವತ್ತು ವರ್ಷದ ನಂತರವೂ ತೆರೆದು ಓದಬಹುದು. ಆದರೆ ಅದು ಕರೆಯುವ ವಸ್ತು, ಟೆಕ್ಸ್ಚರ್ ಫೈಲುಗಳೆಲ್ಲ ಸಿಗಬೇಕು, ಸಿಕ್ಕರೂ ಹೊಸ ರೆಂಡರರಿನ ಬೆಳಕು, ಗಾಮಾ ಬೇರೆ. ಫಲಿತಾಂಶ ಬೇರೊಂದು ಚಿತ್ರ. ಎಕ್ಸ್‌ಟ್ರಾ ಆಗಿ ಹಾಕಿದರೆ ಸಂತೋಷ, ಮೂಲದ ಜಾಗದಲ್ಲಿ ಬೇಡ.

ಇದರ ತದ್ವಿರುದ್ಧ ತಪ್ಪೂ ಇದೆ. ಟೇಪಿನ ಶಾಟುಗಳು ಮಬ್ಬಾಗಿವೆ ಅಂತ ಫಿಲ್ಮಿನ ಶಾಟುಗಳ ಗ್ರೇನ್ (ಫಿಲ್ಮಿನ ಸಹಜ ಕಣಗಳು) ಉಜ್ಜಿ ಮಬ್ಬು ಮಾಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಫಿಲ್ಮಿನ ಗ್ರೇನ್ ಮುಟ್ಟಬೇಡಿ. ಟೇಪಿನ ಶಾಟಿನ ನಾಯ್ಸ್ ತಗ್ಗಿಸಿ, ಅಕ್ಕಪಕ್ಕದ ಫಿಲ್ಮ್ ಶಾಟಿನಿಂದ ಅಳೆದ ಗ್ರೇನನ್ನು ತೆಳುವಾಗಿ ಅದರ ಮೇಲೆ ಹರಡಿ. ಕಟ್ ಆದಾಗ ಕಣ್ಣಿಗೆ ಬೀಳುವ ಹೊಡೆತ ಅರ್ಧ ಕಡಿಮೆಯಾಗುತ್ತದೆ. ನೀಲಿ ಪರದೆಯ ಮೂಲ ನೆಗೆಟಿವ್ ಸಿಕ್ಕಿ ನಟರನ್ನು ಹೊಸದಾಗಿ ಜೋಡಿಸುವುದಾದರೂ ಇದೇ ಎಚ್ಚರ: 4ಕೆ ನಟ, 486 ಗೆರೆಯ ಹಿನ್ನೆಲೆ ಅಂದರೆ ಕ್ಯಾಲೆಂಡರ್ ಮೇಲೆ ಅಂಟಿಸಿದ ಫೋಟೊ. ನಟನನ್ನು ಹಿನ್ನೆಲೆಯ ಮಟ್ಟಕ್ಕೆ ಸ್ವಲ್ಪ ಮೃದು ಮಾಡಲೇಬೇಕು.

ಬಣ್ಣದಲ್ಲಿ ಪದೇಪದೇ ಆಗುವ ಎಡವಟ್ಟು ಮ್ಯಾಟ್ರಿಕ್ಸಿನದು, ಅಂದರೆ ವಿಡಿಯೊ ಸಿಗ್ನಲನ್ನು ಕೆಂಪು-ಹಸಿರು-ನೀಲಿಗೆ ತಿರುಗಿಸುವ ಸೂತ್ರದ್ದು. ಹಳೆಯ ವಿಡಿಯೊ 601 ಸೂತ್ರದಲ್ಲಿದೆ, ಎಚ್‌ಡಿ 709ರಲ್ಲಿ. ಹಿಗ್ಗಿಸಿದ ಮೇಲೆ ಪರಿವರ್ತನೆ ಮಾಡದೆ ಫೈಲಿಗೆ 709 ಅಂತ ಹೆಸರಿಟ್ಟರೆ ಅಪ್ಪಟ ಹಸಿರು 100ರಿಂದ ಸುಮಾರು 85ಕ್ಕೆ ಇಳಿದು ಮಂಕಾಗುತ್ತದೆ, ಅಪ್ಪಟ ಕೆಂಪು ಮಿತಿ ಮೀರಿ ಕಿತ್ತಳೆಯತ್ತ ವಾಲುತ್ತದೆ. ಮನುಷ್ಯರ ಮುಖದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಬರೀ ನಿಯಾನ್ ಹಸಿರು-ಕೆಂಪಿನಿಂದ ಕಟ್ಟಿದ ಲೋಕದಲ್ಲಿ ಎದ್ದು ಕಾಣುತ್ತದೆ. ಜತೆಗೆ ಅಮೆರಿಕದ ಅನಲಾಗ್ ಟೇಪಿನಲ್ಲಿ ಬಿಳಿ 100 ಅಂದುಕೊಂಡರೆ ಕಪ್ಪು ಸೊನ್ನೆಯಲ್ಲಿರುವುದಿಲ್ಲ, 7.5ರಲ್ಲಿರುತ್ತದೆ. ತೆಗೆಯದಿದ್ದರೆ ಕಪ್ಪು ಬೂದಿಯಾಗುತ್ತದೆ, ಡೆಕ್ಕಿನಲ್ಲೊಮ್ಮೆ ಕಂಪ್ಯೂಟರಿನಲ್ಲೊಮ್ಮೆ ಎರಡು ಸಲ ತೆಗೆದರೆ ಕತ್ತಲೆ ಗೋಡೆಯ ವಿವರವೇ ಮಾಯ. ಟೇಪಿನ ಮೊದಲಲ್ಲಿರುವ ಬಣ್ಣದ ಪಟ್ಟಿಗಳಿರುವುದು ಇದಕ್ಕೇ, ಅವನ್ನು ಬಿಟ್ಟು ಕ್ಯಾಪ್ಚರ್ ಶುರು ಮಾಡಬೇಡಿ.

ಚೌಕಟ್ಟಿನ ವಿಷಯದಲ್ಲಿ ಈಗಿನ ಟಿವಿ ತುಂಬಿಸುವ ಆಸೆಗೆ ಬೀಳುವವರೇ ಹೆಚ್ಚು. 4:3ನ್ನು 16:9 ಮಾಡಿದರೆ ಎತ್ತರದ ಶೇ. 25 ಹೋಗುತ್ತದೆ. ಫಿಲ್ಮಿನ ಶಾಟಿನಲ್ಲಿ ನೆತ್ತಿಯ ಮೇಲಿನ ಖಾಲಿ ಜಾಗ ಹೋದರೆ ನಡೆಯುತ್ತದೆ, ಕೆಲವೊಮ್ಮೆ ಇಣುಕುವ ಮೈಕೂ ಹೋಗಿ ಒಳ್ಳೆಯದೇ ಆಗುತ್ತದೆ. ಆದರೆ ಆಟದ ಪರದೆಯಲ್ಲಿ ಮೇಲಂಚಿಗೆ ಸ್ಕೋರು, ಕೆಳಂಚಿಗೆ ಪ್ರಾಣದ ಪಟ್ಟಿ. ಕತ್ತರಿಸಿದರೆ ನಾಯಕಿ ಗಾಬರಿಯಿಂದ ಕೆಳಗೆ ನೋಡುತ್ತಾಳೆ, ಏನು ನೋಡಿದಳು ಅಂತ ನಮಗೆ ಕಾಣುವುದಿಲ್ಲ. ಟಿವಿಗೆಂದೇ ಮಾಡಿದ ಚಿತ್ರಕ್ಕೆ ಎರಡು ಬದಿ ಕಪ್ಪು ಪಟ್ಟಿ ಬಿಟ್ಟು 1440×1080 ಇಡುವುದೇ ನ್ಯಾಯ.

ಧ್ವನಿ ಮತ್ತು ಡಿಸ್ಕು

ಧ್ವನಿಗೆ ಮ್ಯಾಗ್ನೆಟಿಕ್ ಫಿಲ್ಮಿನಲ್ಲಿ ಮಾತು, ಸಂಗೀತ, ಎಫೆಕ್ಟ್ ಬೇರೆಬೇರೆಯಾಗಿ ಸಿಕ್ಕರೆ ಅದೃಷ್ಟ. ಅನೇಕ ಅಗ್ಗದ ಚಿತ್ರಗಳು ಡಾಲ್ಬಿ ಬದಲು ಅಲ್ಟ್ರಾ ಸ್ಟೀರಿಯೊ ಬಳಸಿದವು. ಎರಡು ಚಾನೆಲಿನೊಳಗೆ ನಾಲ್ಕನ್ನು ಮಡಚಿಟ್ಟ ಕ್ರಮ ಅದು. ಅದನ್ನು ಹಾಗೇ ಎರಡು ಚಾನೆಲಿನ 2.0 ಆಗಿ ಡಿಟಿಎಸ್-ಎಚ್‌ಡಿಯಲ್ಲಿ ಇಡಿ, ಮನೆಯ ರಿಸೀವರ್ ಬಿಡಿಸಿಕೊಳ್ಳುತ್ತದೆ. ನಕಲಿ 5.1 (ಆರು ಚಾನೆಲ್) ಮಾಡಿದರೆ ಮಾತು ಬಾವಿಯೊಳಗಿಂದ ಬಂದಂತಿರುತ್ತದೆ. ಸೆಕೆಂಡಿಗೆ 24 ಫ್ರೇಮಿನ ಧ್ವನಿಯನ್ನು 23.976ರ ಚಿತ್ರಕ್ಕೆ ಹಾಗೇ ಇಟ್ಟರೆ 90 ನಿಮಿಷಕ್ಕೆ 5.4 ಸೆಕೆಂಡ್ ಜಾರುತ್ತದೆ. ಮೊದಲ ರೀಲು ಮಾತ್ರ ಪರೀಕ್ಷಿಸಿ ‘ತುಟಿ ಹೊಂದಿದೆ’ ಅಂದವರು ಕೊನೆಯ ರೀಲಿನಲ್ಲಿ ಸಿಕ್ಕಿಬೀಳುತ್ತಾರೆ. ಧ್ವನಿ ಸೆಕೆಂಡಿಗೆ 25 ಫ್ರೇಮ್ ಓಡುವ ಯುರೋಪಿನ ಪಾಲ್ ಟೇಪಿನಿಂದ ಬಂದಿದ್ದರೆ 90 ನಿಮಿಷ 86 ನಿಮಿಷ 24 ಸೆಕೆಂಡಿಗೆ ಕುಗ್ಗಿರುತ್ತದೆ, ಶ್ರುತಿಯೂ ಏರಿರುತ್ತದೆ. ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಬಿಳಿ-ಕಪ್ಪು ಮನೆಗಳ ಅಂತರದ ಮುಕ್ಕಾಲು ಪಾಲಿನ ಹತ್ತಿರ. ವೇಗ ಇಳಿಸುವಾಗ ಶ್ರುತಿಯೂ ಇಳಿಯಬೇಕು, ‘ಶ್ರುತಿ ಕಾಯ್ದುಕೋ’ ಗುಂಡಿ ಒತ್ತಬಾರದು. ಇನ್ನು 60 ಹರ್ಟ್ಸ್ ಗುಂಯ್ ಶಬ್ದ ತೆಗೆಯುವಾಗ ಕಿರಿದಾದ ಫಿಲ್ಟರ್ ಇರಲಿ, ಈ ಚಿತ್ರಗಳ ಸಿಂಥ್ ಸಂಗೀತದ ತಳಸ್ವರಗಳ ವಾಸವೂ ಅಲ್ಲೇ.

90 ನಿಮಿಷಕ್ಕೆ 30 ಎಂಬಿಪಿಎಸ್ ಕೊಟ್ಟರೆ ಚಿತ್ರಕ್ಕೇ 20.25 ಜಿಬಿ. 25 ಜಿಬಿ ಡಿಸ್ಕಿನಲ್ಲಿ ಕೂರುತ್ತದೆ, ಆದರೆ ಎಕ್ಸ್‌ಟ್ರಾಗಳಿಗೆ ಜಾಗವಿರುವುದಿಲ್ಲ. ಗ್ರೇನ್ ಇರುವ ಚಿತ್ರಕ್ಕೆ 50 ಜಿಬಿಯದೇ ಸರಿ. ನಿಯಾನಿನಿಂದ ಕಪ್ಪಿಗೆ ಮೆಲ್ಲನೆ ಇಳಿಯುವ ಬೆಳಕು 8 ಬಿಟ್‌ನಲ್ಲಿ ಪಟ್ಟೆಪಟ್ಟೆಯಾಗುತ್ತದೆ, ಎನ್‌ಕೋಡ್‌ಗೆ ಮುಂಚೆ ಡಿದರ್ (ಪಟ್ಟೆ ಮುಚ್ಚುವ ತೆಳು ನಾಯ್ಸ್) ಹಾಕಿ. ‘ಆರ್ಕೇಡ್’ನಂತೆ ಎರಡು ಗ್ರಾಫಿಕ್ಸ್ ಇರುವ ಚಿತ್ರದಲ್ಲಿ ಎರಡೂ ಆವೃತ್ತಿಯ ಸಾಮಗ್ರಿ ಸಿಕ್ಕರೆ ಸೀಮ್‌ಲೆಸ್ ಬ್ರಾಂಚಿಂಗ್‌ನಿಂದ (ಪ್ಲೇಯರ್ ನಿಲ್ಲದೆ ಬೇಕಾದ ಆವೃತ್ತಿಯ ತುಣುಕಿಗೆ ಹಾರುವ ಕ್ರಮದಿಂದ) ಬದಲಾದ ಶಾಟುಗಳನ್ನು ಮಾತ್ರ ಎರಡು ಸಲ ಇಡಬಹುದು. ಹಳೆಯ ಟ್ರೇಲರ್, ಮೇಕಿಂಗ್ ತುಣುಕು ಟೇಪಿನವೇ ಆದರೆ ಹಿಗ್ಗಿಸಬೇಡಿ. ಬ್ಲೂರೇ 480 ಇಂಟರ್‌ಲೇಸ್ಡ್ ಒಪ್ಪುತ್ತದೆ, ಹಾಗೇ ಹಾಕಿ.

ಕನ್ನಡ ಸಬ್‌ಟೈಟಲ್ ಮಾಡಿಕೊಳ್ಳುವವರಿಗೆ ಒಂದು ಮಾತು. ಎಸ್‌ಆರ್‌ಟಿ ಎಂಬ ಅಕ್ಷರರೂಪದ ಸಬ್‌ಟೈಟಲ್ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿದರೆ ಎಷ್ಟೋ ಟಿವಿಗಳು ಒತ್ತಕ್ಷರ ಒಡೆದು ‘ಕ್ಷ’ವನ್ನು ‘ಕ್‌ಷ’ ಮಾಡುತ್ತವೆ. ಬ್ಲೂರೇಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಕಂಪ್ಯೂಟರಿನಲ್ಲಿ ಸರಿಯಾಗಿ ಮೂಡಿದ್ದು ಯಾವ ಪ್ಲೇಯರಿನಲ್ಲೂ ಹಾಗೇ ಬರುತ್ತದೆ. ಸಾಲಿನ ಅಂತರವನ್ನು ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ, ಸ್ವಲ್ಪ ಹೆಚ್ಚು ಬಿಡಿ. ಆಟದ ದೃಶ್ಯಗಳಲ್ಲಿ ಮಾತ್ರ ಸಬ್‌ಟೈಟಲನ್ನು ಎರಡು ಸಾಲಿನಷ್ಟು ಮೇಲಕ್ಕೆತ್ತಿ, ಇಲ್ಲದಿದ್ದರೆ ಪ್ರಾಣದ ಪಟ್ಟಿ ಅದರ ಹಿಂದೆ ಮುಚ್ಚಿಹೋಗುತ್ತದೆ.